ಗೊಂಬೆಯ ಅಳತೆ

ಬಟ್ಟೆ ಅಂಗಡಿಯವರಿಗೆ ಕಾಲದ ಪರಿವೆಯೇ ಇರುವುದಿಲ್ಲ. ಹೊರಗೆ ಜನ ಸ್ವೆಟರಿನ ಮೇಲೆ ಸ್ವೆಟರು ಹಾಕಿಕೊಂಡು, ಮೂಗು ಒರೆಸಿಕೊಳ್ಳುತ್ತ ಓಡಾಡುತ್ತಿರುವಾಗ ಅಲ್ಲಿ ಬೇಸಿಗೆಯ ಮಾಲು ಬಂದು ಬೀಳುತ್ತದೆ. ನೆತ್ತಿ ಸುಡುವ ಬಿಸಿಲಿನಲ್ಲಿ ಉಣ್ಣೆಯ ಬಟ್ಟೆ ಬರುತ್ತದೆ. ಎಷ್ಟೋ ವರ್ಷಗಳಿಂದ ನಾನು ಹೀಗೆ ಒಂದು ಕಾಲ ಮುಂದೆಯೇ ಬದುಕುತ್ತಿದ್ದೇನೆ. ಬೆರಳು ಮರಗಟ್ಟುವ ಚಳಿಯಲ್ಲಿ ತೆಳು ಫ್ರಾಕಿಗೆ ನೆರಿಗೆ ಹಿಡಿಯುತ್ತೇನೆ, ಬೆವರು ಇಳಿಯುವಾಗ ತೊಡೆಯ ಮೇಲೆ ದಪ್ಪ ಕೋಟು ಹರವಿಕೊಂಡು ಲೈನಿಂಗು ಕೂರಿಸುತ್ತೇನೆ. ಗುರುತಿಲ್ಲದವರು ನೋಡಿದರೆ ಇವಳ ತಲೆ ನೆಟ್ಟಗಿಲ್ಲ ಎಂದುಕೊಳ್ಳಬೇಕು, ಹಾಗಿದೆ ನನ್ನ ಅವಸ್ಥೆ.

ನಮ್ಮ ಬೀದಿಯ ತುದಿಯಲ್ಲಿ ಒಂದು ಬಟ್ಟೆ ಅಂಗಡಿ ಇದೆ. ಮನೆಯಲ್ಲೇ ಹೊಲಿದುಕೊಳ್ಳುವ ಹೆಂಗಸರಿಗಾಗಿ ಇರುವ ಅಂಗಡಿ. ಅಲ್ಲಿ ಹೊಲಿದ ಉಡುಪು ಒಂದೂ ಸಿಗುವುದಿಲ್ಲ. ಗೋಡೆಗೆ ಒರಗಿಸಿದ ಬಟ್ಟೆಯ ಥಾನುಗಳು, ಸುರುಳಿ ಸುರುಳಿ ಲೇಸು, ರಟ್ಟಿಗೆ ಪೋಣಿಸಿದ ಗುಂಡಿಗಳು, ದಾರ, ಎಲಾಸ್ಟಿಕ್, ಅಂಚಿಗೆ ಕೂರಿಸುವ ಪೈಪಿಂಗ್, ಇಷ್ಟೇ. ಪ್ರತಿ ಕಾಲಕ್ಕೂ ಹೊಸ ಮಾಲು ಬಂದಾಗ ಅದರಲ್ಲೇ ಒಂದು ಮಾದರಿ ಉಡುಪು ಹೊಲಿದು ಗಾಜಿನ ಕಿಟಕಿಯಲ್ಲಿರುವ, ಮಕ್ಕಳ ಅಳತೆಯ ಗೊಂಬೆಗೆ ತೊಡಿಸಬೇಕು. ಹೊಲಿಯುವವಳು ನಾನು. ಮಾರಾಟ ಶುರುವಾಗುವ ದಿನ ಹೆಂಗಸರೆಲ್ಲ ಬಂದು ಗೊಂಬೆಯ ಸುತ್ತ ಮುತ್ತಿಕೊಳ್ಳುತ್ತಾರೆ, ತಮ್ಮ ತಮ್ಮ ಚೀಲದಿಂದ ಟೇಪು ತೆಗೆದು ಗೊಂಬೆಯ ಮೈಮೇಲೇ ಅಳೆದು ನೋಡುತ್ತಾರೆ, ಬಟ್ಟೆ ಎಷ್ಟು ಹಿಡಿಯಿತು, ಲೇಸು ಎಷ್ಟು ಹಿಡಿಯಿತು ಎಂದು ನನ್ನನ್ನು ಪೀಡಿಸಿ, ಅಷ್ಟನ್ನೂ ಕತ್ತರಿಸಿಕೊಂಡು ಮನೆಗೆ ಹೋಗುತ್ತಾರೆ. ಕಾಲ ಮುಗಿದ ಮೇಲೆ ಆ ಮಾದರಿ ಉಡುಪು ನನಗೆ ಸೇರಬೇಕು. ಮೊದಲಿನಿಂದಲೂ ನಡೆದುಬಂದ ಕ್ರಮ ಅದು.

ಕೇಳಿದವರು ನಿಮ್ಮ ಮಗಳಿಗೆ ಬಿಡಿ, ಕಾಲಕ್ಕೊಂದು ಹೊಸ ಫ್ರಾಕು ಎನ್ನುತ್ತಾರೆ. ಅವರ ಬಾಯಿಗೆ ಬಟ್ಟೆ ತುರುಕಬೇಕು ಅನ್ನಿಸುತ್ತದೆ. ಗೊಂಬೆ ಕಡ್ಡಿಯ ಹಾಗಿದೆ. ನನ್ನ ಮಗಳು ಒಂದೇ ಒಂದು ವರ್ಷ ಆ ಗೊಂಬೆಯ ಅಳತೆಗೆ ಸರಿಯಾಗಿದ್ದಳು. ಆ ವರ್ಷ ಬೀದಿಯವರೆಲ್ಲ ತಿರುಗಿ ನೋಡುವಂತೆ ಮೆರೆದಳು. ಆಮೇಲೆ ಅವಳು ಬೆಳೆದಳು, ಎತ್ತರಕ್ಕೂ ಬೆಳೆದಳು, ಅಗಲಕ್ಕೂ ಬೆಳೆದಳು. ಗೊಂಬೆ ಇದ್ದಲ್ಲೇ ಇತ್ತು. ಹಾಗಾಗಿ ನಾನು ಮನೆಯಲ್ಲಿ ಯಾರಿಗೂ ಆಗದ ಫ್ರಾಕುಗಳನ್ನು ಕಷ್ಟಪಟ್ಟು ಹೊಲಿದು, ಕಿಟಕಿಯಲ್ಲಿ ನಿಲ್ಲಿಸಿ, ವಾಪಸು ತಂದು, ಅಕ್ಕಪಕ್ಕದ ತೆಳ್ಳನೆಯ ಮಕ್ಕಳಿಗೆ ಹಂಚುತ್ತ ಬಂದೆ. ನನ್ನ ಮಗಳು ಅವಳಪ್ಪನ ಹಳೆಯ ಅಂಗಿ ಹಾಕಿಕೊಂಡು ತಿರುಗುತ್ತಾಳೆ. ಹೊಲಿಗೆಯವಳ ಮಗಳು.

ಮನೆಗೆ ಬೇಕಾದದ್ದು ಹೊಲಿದುಕೊಡಬಹುದಿತ್ತಲ್ಲ ಎಂದು ಕೇಳುವವರಿಗೂ ಉತ್ತರ ಇದೆ. ಹೊಲಿದಿದ್ದೆ. ಅವಳು ಹಾಕಿಕೊಳ್ಳಲಿಲ್ಲ. ಟೇಪು ಹಿಡಿದರೆ ಸಾಕು, ಹೊಟ್ಟೆ ಒಳಗೆಳೆದುಕೊಂಡು ಉಸಿರು ಬಿಗಿಹಿಡಿದು ನಿಲ್ಲುತ್ತಾಳೆ. ಆ ಅಳತೆಗೆ ಹೊಲಿದರೆ ಅವಳು ಉಸಿರಾಡುವ ಹಾಗಿಲ್ಲ. ಸಡಿಲ ಬಿಟ್ಟು ಹೊಲಿದರೆ ಗೋಣಿಚೀಲ ಎನ್ನುತ್ತಾಳೆ. ನಾನು ರೇಗುತ್ತೇನೆ, ಅವಳು ಮುಖ ಗಂಟು ಹಾಕಿಕೊಂಡು ಒಳಗೆ ಹೋಗಿ ಕೂರುತ್ತಾಳೆ, ನನ್ನ ಗಂಡ ಇಬ್ಬರ ನಡುವೆ ಬರಲು ಧೈರ್ಯವಿಲ್ಲದೆ ಚಪ್ಪಲಿ ಮೆಟ್ಟಿಕೊಂಡು ಹೊರಗೆ ನಡೆಯುತ್ತಾರೆ. ಹೀಗೆ ಸಾಗುತ್ತಿತ್ತು ನಮ್ಮ ಸಂಸಾರ.

ಈ ಸಲ ಬೇಸಿಗೆಯ ಮಾಲು ಬರುವ ಸ್ವಲ್ಪ ಮೊದಲು ನಾನೂ ಮಗಳೂ ಅಂಗಡಿಯ ಮುಂದೆ ಹಾದುಹೋಗುತ್ತಿದ್ದೆವು. ಕಿಟಕಿಯಲ್ಲಿ ನಾನೇ ಹೊಲಿದ ಚಳಿಗಾಲದ ಕೋಟು ನಿಂತಿತ್ತು. ಮಗಳು ಒಂದು ಕ್ಷಣ ನಿಂತು ನೋಡಿದಳು.

"ಚೆನ್ನಾಗಿದೆ," ಅಂದಳು. "ಅಲ್ಲಿರೋದು ಯಾವ್ದೂ ನಂಗಲ್ಲ ಬಿಡಮ್ಮ."

ಬೇಸರದಿಂದ ಹೇಳಿದ್ದರೆ ನಾನು ಬೈದು ಸುಮ್ಮನಾಗುತ್ತಿದ್ದೆನೇನೋ. ಅವಳು ಇವತ್ತು ಶಾಲೆಗೆ ರಜೆ ಎನ್ನುವಷ್ಟೇ ಸಲೀಸಾಗಿ ಹೇಳಿದಳು. ನನಗೆ ಮೈ ಪರಚಿಕೊಳ್ಳುವ ಹಾಗಾಯಿತು. ಈ ಬಾರಿಯ ಕಿಟಕಿಯ ಫ್ರಾಕು ಇವಳ ಮೈಮೇಲೆ ಬರಬೇಕು, ಅದಾಗದಿದ್ದರೆ ನಾನು ಆ ಅಂಗಡಿಗೆ ಇನ್ನೊಂದು ಹೊಲಿಗೆ ಹಾಕುವುದಿಲ್ಲ ಎಂದು ಅಲ್ಲೇ ನಿಶ್ಚಯಿಸಿದೆ.

ಅಂಗಡಿಯ ಯಜಮಾನನನ್ನು ಹೆಂಗಸರು ಬೆನ್ನ ಹಿಂದೆ ಅಂಗುಲಪ್ಪ ಎನ್ನುತ್ತಾರೆ. ಬಟ್ಟೆ ಅಳೆಯುವಾಗ ಒಂದಂಗುಲ ಹೆಚ್ಚು ಬಿಟ್ಟವನಲ್ಲ. ಮಾಲು ಬಂದ ದಿನ ಅವನು ನನ್ನನ್ನು ಹಿಂದಿನ ಕೋಣೆಗೆ ಕರೆದ. ಕಟ್ಟು ಬಿಚ್ಚಿದ ವಾಸನೆ, ಹೊಸ ಬಟ್ಟೆಯ ಗಂಜಿಯ ವಾಸನೆ. ಎಷ್ಟು ಸಿಟ್ಟಿನಲ್ಲಿ ಹೋದರೂ ಆ ವಾಸನೆಗೆ ನಾನು ಕರಗುತ್ತೇನೆ, ಅದು ನನ್ನ ದೌರ್ಬಲ್ಯ. ಎರಡು ಪದರದ ಮೆತ್ತನೆಯ ಹತ್ತಿ ಬಂದಿತ್ತು, ಕೈಯಲ್ಲಿ ಹಿಡಿದರೆ ಎಳೆಗೂಸಿನ ಕೆನ್ನೆ. ಗೆರೆ ಗೆರೆಯ ಲಿನನ್ ಬಂದಿತ್ತು. ಲೇಸಿನ ಡಬ್ಬಿಯಲ್ಲಿ ಅಂಕುಡೊಂಕು ಪಟ್ಟಿ, ಅಂಚಿಗೆ ಪುಟ್ಟ ಉಣ್ಣೆಯುಂಡೆ ತೂಗುವ ಪಟ್ಟಿ, ಜಾಲರಿ ಲೇಸು, ಮರದ ಗುಂಡಿಗಳು. ಎಲ್ಲದರ ಕೆಳಗೆ ಒಂದು ಥಾನು ತಿಳಿನೀಲಿ ಹತ್ತಿ, ಅದರ ಮೇಲೆ ಎಲೆಯ ಸಮೇತ ನಿಂಬೆಹಣ್ಣುಗಳು. ನೋಡಿದ ಕೂಡಲೇ ಇದೇ ಎಂದು ಮನಸ್ಸು ಹೇಳಿತು.

"ಗೊಂಬೆಗೆ ಇದು," ಅಂದೆ. "ಆದ್ರೆ ಬಟ್ಟೆ ಜಾಸ್ತಿ ಬೇಕು. ಈ ಸಲ ಅಳತೆ ದೊಡ್ಡದು."

"ಗೊಂಬೆ ಅಷ್ಟೇ ಇದೆಯಲ್ಲಮ್ಮ," ಅಂದ ಅಂಗುಲಪ್ಪ. "ಅಳತೆ ಹೇಗೆ ದೊಡ್ಡದಾಗುತ್ತೆ?"

"ಎಲ್ಲ ಮಕ್ಕಳೂ ಗೊಂಬೆ ಥರ ಇರ್ತಾರಾ ಯಜಮಾನ್ರೇ? ಇಲ್ಲಿ ಬರೋರ ಮಕ್ಕಳಲ್ಲಿ ಅರ್ಧಕ್ಕರ್ಧ ನನ್ನ ಮಗಳ ಹಾಗೇ ಮೈ ಕೈ ತುಂಬ್ಕೊಂಡಿದ್ದಾರೆ. ಅವರ ತಾಯಂದಿರು ಕಿಟಕಿ ನೋಡಿ ಬಟ್ಟೆ ತಗೊಂಡು ಹೋಗ್ತಾರೆ, ಹೊಲಿದ್ರೆ ಸಾಲಲ್ಲ, ಆಮೇಲೆ ನನ್ನ ಹತ್ರ ಬಂದು ಗೋಳಾಡ್ತಾರೆ."

"ಅದು ಅವರ ಪಾಡು. ಕಿಟಕೀಲಿ ನೋಡೋಕೆ ಚೆಂದ ಇರ್ಬೇಕು."

ಆ ಒಂದು ಮಾತಿಗೆ ನನ್ನ ಪಿತ್ತ ನೆತ್ತಿಗೇರಿತು. ಅವನಿಗೆ ನಾನು ಎಷ್ಟು ಬಗೆಯಲ್ಲಿ ಹೇಳಿದೆನೋ, ಬೆಣ್ಣೆಯನ್ನೂ ಹಚ್ಚಿದೆ, ಸುಣ್ಣವನ್ನೂ ಹಚ್ಚಿದೆ. ಅವನು ಥಾನಿನ ಮೇಲೆ ಕೈಯೂರಿಕೊಂಡು ಗೋಡೆಯ ಹಾಗೆ ನಿಂತಿದ್ದ. ಸರಿ ಹಾಗಾದರೆ, ಬೇರೆ ಯಾರನ್ನಾದರೂ ನೋಡಿಕೊಳ್ಳಿ ಎಂದು ಕಡ್ಡಿ ಮುರಿದ ಹಾಗೆ ಹೇಳಿ ಬಾಗಿಲವರೆಗೆ ಬಂದೆ. ಮಾರಾಟದ ದಿನ ಹತ್ತಿರ ಬರುತ್ತಿತ್ತು. ಅವನು ಕೆಮ್ಮಿದ.

"ಒಂದು ಷರತ್ತು," ಅಂದ. "ದೊಡ್ಡ ಫ್ರಾಕು ಈ ಗೊಂಬೆ ಮೇಲೆ ಗೂಟಕ್ಕೆ ನೇತುಹಾಕ್ದಂಗೆ ಕಾಣ್ಬಾರ್ದು. ಗೊಂಬೆ ಅದನ್ನ ತುಂಬ್ಕೊಂಡಿರ್ಬೇಕು. ಒಳಗೆ ಏನಾದ್ರೂ ತುಂಬಿ, ಚಿಂದೀನೋ ಹತ್ತೀನೋ. ಮತ್ತೆ ಉದ್ದುದ್ದ ಗೆರೆ ಬರೋ ಹಾಗೆ ಪಟ್ಟಿ ಇಡಿ. ದಪ್ಪ ಇರೋರು ತೆಳ್ಳಗೆ ಕಾಣ್ತಾರೆ."

"ತುಂಬ್ತೀನಿ," ಅಂದೆ. "ಉದ್ದುದ್ದ ಇಡಲ್ಲ. ನನ್ನ ಮಗಳೇನು ತಪ್ಪು ಮಾಡಿ ಬಚ್ಚಿಟ್ಕೊಂಡಿಲ್ಲ."

ಆ ಮಾತು ಆಡಿ ಮನೆಗೆ ಬರುವಾಗ ನನಗೆ ನನ್ನ ಮೇಲೆ ಎಷ್ಟು ಅಭಿಮಾನವಿತ್ತು ಎಂದರೆ, ನೆಲದ ಮೇಲೆ ಕಾಲು ನಿಲ್ಲುತ್ತಿರಲಿಲ್ಲ.

ಮಗಳನ್ನು ಒಪ್ಪಿಸುವುದು ಅಂಗುಲಪ್ಪನನ್ನು ಒಪ್ಪಿಸಿದ್ದಕ್ಕಿಂತ ಕಷ್ಟವಾಯಿತು. ಮೊದಲು ನಂಬಲಿಲ್ಲ. ಕಿಟಕಿಯ ಫ್ರಾಕು, ನಿನ್ನದೇ ಅಳತೆ ಎಂದು ಮತ್ತೆ ಮತ್ತೆ ಹೇಳಿದ ಮೇಲೆ ಬಂದು ನಿಂತಳು. ಎಂದಿನಂತೆ ಹೊಟ್ಟೆ ಒಳಗೆಳೆದುಕೊಂಡಳು.

"ಉಸಿರು ಬಿಡೆ."

"ಬಿಟ್ಟಿದ್ದೀನಿ."

"ನೀನು ಬಿಟ್ಟಿಲ್ಲ. ನನಗೆ ಗೊತ್ತಾಗಲ್ವಾ? ಮುಖ ನೋಡು, ಟೊಮೆಟೊ ಆಗಿದೆ."

ಪಕ್ಕದಲ್ಲಿ ಕೂತು ಉಗುರು ಕತ್ತರಿಸಿಕೊಳ್ಳುತ್ತಿದ್ದ ನನ್ನ ಗಂಡ, "ಒಂದು ಹಾಡು ಹೇಳು ಚಿನ್ನು, ಹಾಡುವಾಗ ಉಸಿರು ಹಿಡಿಯೋಕೆ ಆಗಲ್ಲ," ಅಂದರು. ಅವಳಿಗೆ ನಗು ಬಂತು. ನಗುವಾಗ ಹೊಟ್ಟೆ ಸಡಿಲವಾಯಿತು, ನಾನು ಅದೇ ಸಮಯ ನೋಡಿ ಟೇಪು ಸುತ್ತಿ ಅಳತೆ ಹಿಡಿದುಬಿಟ್ಟೆ. ನನ್ನ ಗಂಡ ಆಡಿದ ಮಾತುಗಳಲ್ಲಿ ಕೆಲಸಕ್ಕೆ ಬಂದದ್ದು ಅದೊಂದೇ ಇರಬೇಕು.

ಬಟ್ಟೆ ತಂದು ನೀರಿನಲ್ಲಿ ನೆನೆಸಿ, ಕುಗ್ಗುವಷ್ಟು ಕುಗ್ಗಲಿ ಎಂದು ಬಿಟ್ಟು, ಒಣಗಿಸಿ, ಇಸ್ತ್ರಿ ಮಾಡಿ, ನಿಂಬೆಹಣ್ಣುಗಳು ತಲೆಕೆಳಗಾಗದ ಹಾಗೆ ನೋಡಿಕೊಂಡು ಕತ್ತರಿಸಿದೆ. ಅದು ಒಂದೇ ದಿಕ್ಕಿನ ಚಿತ್ತಾರ, ಎಲೆ ಮೇಲಕ್ಕೇ ಇರಬೇಕು. ಹಿಂದಿನ ಭಾಗ ಅಡಿಮೇಲಾದರೆ ಮುಗಿಯಿತು. ಕಚ್ಚಾ ಹೊಲಿಗೆ ಹಾಕಿ, ಇನ್ನೂ ತೋಳು ಕೂರಿಸುವ ಮೊದಲೇ ಅವಳಿಗೆ ತೊಡಿಸಿ ನೋಡಿದೆ. ಸೊಂಟ ಸರಿಯಾಗಿ ಕೂತಿತು. ಬೆನ್ನು ಸರಿಯಾಗಿ ಇಳಿಯಿತು. ಅವಳು ಕನ್ನಡಿಯ ಮುಂದೆ ನಿಂತು ಬಲಕ್ಕೆ ತಿರುಗಿದಳು, ಎಡಕ್ಕೆ ತಿರುಗಿದಳು, ಆಮೇಲೆ ನಾನು ನೋಡುತ್ತಿಲ್ಲ ಎಂದುಕೊಂಡು ಒಂದು ಸುತ್ತು ಗಿರ್ರನೆ ತಿರುಗಿದಳು. ಕಚ್ಚಾ ಹೊಲಿಗೆ ಬಿಟ್ಟೀತು ಎಂದು ನಾನು ಗದರಲಿಲ್ಲ.

"ಮಾರಾಟದ ದಿನ ನಾನೂ ಬರ್ಲಾ?" ಎಂದು ಕೇಳಿದಳು. ಎಷ್ಟೋ ವರ್ಷಗಳಿಂದ ಆ ಅಂಗಡಿಯ ಮೆಟ್ಟಿಲು ಹತ್ತದವಳು.

"ಬಾ," ಅಂದೆ. "ನಿನ್ನ ಫ್ರಾಕು ನೋಡೋಕೆ ಊರೇ ಬರುತ್ತೆ."

ಉಳಿದ ಕೆಲಸವನ್ನು ಅಂಗಡಿಯ ಹಿಂದಿನ ಕೋಣೆಯಲ್ಲೇ ಮಾಡಬೇಕಾಯಿತು. ಮಾರಾಟಕ್ಕೆ ಮೊದಲು ಮಾದರಿ ಬೀದಿಯವರ ಕಣ್ಣಿಗೆ ಬೀಳಬಾರದು ಎಂದು ಅಂಗುಲಪ್ಪನ ಹಟ. ಹೊಲಿಗೆಯಂತ್ರವನ್ನೂ ಅವನೇ ಕೊಟ್ಟ, ಪೆಡಲು ತುಳಿದರೆ ಕೀಚಲು ಧ್ವನಿಯಲ್ಲಿ ಅಳುವ ಯಂತ್ರ. ದಾರ ಪ್ರತಿ ಮೊಳಕ್ಕೂ ತುಂಡಾಗುತ್ತಿತ್ತು. ಬಿಳಿಯ ಅಂಕುಡೊಂಕು ಪಟ್ಟಿಯನ್ನು ಕೆಳಗಿನ ಅಂಚಿಗೆ ಮೂರು ಸಾಲು ಕೂರಿಸುವಷ್ಟರಲ್ಲಿ ನನ್ನ ತಲೆ ಚಿಟ್ಟು ಹಿಡಿದಿತ್ತು. ಆ ಪಟ್ಟಿಯ ಸ್ವಭಾವವೇ ಅಷ್ಟು, ನೆಟ್ಟಗೆ ಹೋಗು ಎಂದರೆ ಹೋಗುವುದಿಲ್ಲ, ಒಂದೊಂದು ಏರಿಗೂ ಒಂದೊಂದು ಇಳಿವಿಗೂ ಸೂಜಿಯನ್ನು ಓಲೈಸಬೇಕು. ಎರಡನೆಯ ಸಾಲು ಬಿಚ್ಚಿ ಮತ್ತೆ ಹಾಕಿದೆ. ಅಂಗುಲಪ್ಪ ನಡುನಡುವೆ ಬಾಗಿಲಲ್ಲಿ ತಲೆ ಹಾಕಿ, "ಆಯ್ತಾ?" ಎಂದು ಕೇಳುತ್ತಿದ್ದ. ಆಯಿತೆಂದರೆ ನಾನೇ ಬಂದು ಹೇಳುವುದಿಲ್ಲವೇ?

ಆದರೆ ಗೊಂಬೆಗೆ ಮೈ ತುಂಬಿಸುವ ಕೆಲಸ ಮಾತ್ರ ನನಗೆ ಬಲು ಹಿಡಿಸಿತು. ಚಿಂದಿಯನ್ನು ಸುಮ್ಮನೆ ತುರುಕಿದರೆ ಗಂಟು ಗಂಟಾಗಿ ಕಾಣುತ್ತದೆ. ನಾನು ಹತ್ತಿಯನ್ನು ಹಿಂಜಿ, ಪದರ ಪದರವಾಗಿ ಸುತ್ತಿ, ಮೇಲೆ ಬನಿಯನ್ ಬಟ್ಟೆ ಎಳೆದು ಹೊಲಿದೆ. ಟೇಪು ಹಿಡಿದು ನೋಡುವುದು, ಸ್ವಲ್ಪ ತುಂಬುವುದು, ಮತ್ತೆ ನೋಡುವುದು. ಮಗಳ ಸೊಂಟದ ಮೇಲಿನ ಮಡಿಕೆ ಬಂತು. ಮುಂದಕ್ಕೆ ಬಾಗಿದ ಹೊಟ್ಟೆ ಬಂತು. ಅವಳು ಭುಜ ಒಳಕ್ಕೆಳೆದುಕೊಂಡು ನಿಲ್ಲುವಾಗ ಬೆನ್ನು ದುಂಡಗಾಗುತ್ತದಲ್ಲ, ಅದೂ ಬಂತು. ದೂರ ನಿಂತು ನೋಡಿದರೆ ನನಗೇ ಮೈ ಜುಮ್ಮೆಂದಿತು, ನನ್ನ ಮಗಳು ಬೆನ್ನು ತೋರಿಸಿ ನಿಂತಂತಿತ್ತು. ಇನ್ನು ಅವಳನ್ನು ಕರೆದು ತೊಡಿಸಿ ನೋಡುವ ರಗಳೆ ಯಾಕೆ ಎಂದು ಉಳಿದದ್ದನ್ನೆಲ್ಲ, ತೋಳು, ಕಾಲರು, ಗುಂಡಿ, ಗೊಂಬೆಯ ಮೇಲೇ ಕೂರಿಸಿ ಮುಗಿಸಿದೆ. ಎಲ್ಲಿಯೂ ಒಂದು ಸುಕ್ಕಿರಲಿಲ್ಲ.

ಮಾರಾಟದ ದಿನ ಬೆಳಿಗ್ಗೆ ಬಾಗಿಲು ತೆಗೆಯುವ ಮೊದಲೇ ಹೆಂಗಸರು ಸಾಲುಗಟ್ಟಿದ್ದರು. ಮಗಳು ತಲೆ ಬಾಚಿ, ಕ್ಲಿಪ್ಪು ಹಾಕಿಕೊಂಡು ನನ್ನ ಪಕ್ಕದಲ್ಲಿ ಬಂದಳು. ಒಳಗೆ ಹೋದ ಕೂಡಲೇ ನನ್ನನ್ನು ಯಾರೋ ಪೈಪಿಂಗಿನ ಬಗ್ಗೆ ಕೇಳಿ ಎಳೆದುಕೊಂಡು ಹೋದರು. ಇನ್ನೊಬ್ಬರು ಎರಡು ಪದರದ ಹತ್ತಿ ಕುಗ್ಗುತ್ತದೆಯೇ ಎಂದರು. ಅವರಿಗೆಲ್ಲ ಉತ್ತರ ಕೊಡುತ್ತ ಓರೆಗಣ್ಣಿನಲ್ಲಿ ನೋಡಿದೆ, ಗೊಂಬೆಯ ಸುತ್ತ ಗುಂಪು ಸೇರಿತ್ತು. ಇಷ್ಟು ಗುಂಪು ಯಾವ ವರ್ಷವೂ ಸೇರಿರಲಿಲ್ಲ.

ಮುಂದೆ ನಿಂತಿದ್ದವರು ಟೀಚರಮ್ಮ. ಶಾಲೆಯಲ್ಲಿ ಲೆಕ್ಕ ಹೇಳಿಕೊಡುವವರು, ಮೂರು ಹೆಣ್ಣುಮಕ್ಕಳ ತಾಯಿ, ಮನೆಯ ಪರದೆಯಿಂದ ಹಿಡಿದು ಒಳಲಂಗದವರೆಗೆ ತಾವೇ ಹೊಲಿದುಕೊಳ್ಳುವವರು. ಅವರು ಟೇಪನ್ನು ಗೊಂಬೆಯ ಸೊಂಟಕ್ಕೆ ಸುತ್ತಿ, ತರಗತಿಯಲ್ಲಿ ಹೇಳುವಷ್ಟೇ ಗಟ್ಟಿಯಾಗಿ ಅಳತೆ ಹೇಳಿದರು. ಹಿಂದೆ ಯಾರೋ ಅಬ್ಬಬ್ಬಾ ಅಂದರು.

"ಅಬ್ಬಬ್ಬಾ ಏನು, ನನ್ನ ನಡುವಿನವಳೂ ಇಷ್ಟೇ ಇದ್ದಾಳೆ," ಅಂದರು ಟೀಚರಮ್ಮ. "ಇಷ್ಟು ವರ್ಷಕ್ಕೆ ಒಂದು ಉಪಯೋಗಕ್ಕೆ ಬರೋ ಅಳತೆ ಇಟ್ರಲ್ಲ, ಅದು ಹೇಳಿ."

ಮತ್ತೊಬ್ಬಾಕೆ ಗೊಂಬೆಯ ಹೊಟ್ಟೆಯನ್ನು ಎರಡು ಬೆರಳಲ್ಲಿ ಚಿವುಟಿ ನೋಡಿ ನಕ್ಕರು. "ಒಳಗೆ ದಿಂಬು ಇಟ್ಟಿದ್ದಾರೆ ಕಣ್ರೀ. ಮಡಿಕೇನೂ ಬಂದಿದೆ ನೋಡಿ ಇಲ್ಲಿ."

ಅಂಗುಲಪ್ಪ ಕತ್ತರಿ ಕೈಯಲ್ಲೇ ಹಿಡಿದುಕೊಂಡು ಮೇಜಿನ ಹಿಂದಿನಿಂದ ಬಂದ. ನಿಂಬೆಹಣ್ಣಿನ ಥಾನು ಅಷ್ಟರಲ್ಲಾಗಲೇ ಅರ್ಧ ಬಿಚ್ಚಿತ್ತು. ಅವನ ಮುಖ ಹೊಳೆಯುತ್ತಿತ್ತು. "ಸುಮ್ನೆ ತುಂಬಿದ್ದಲ್ಲಮ್ಮ. ಇವರ ಸ್ವಂತ ಮಗಳ ಅಳತೆ. ಅಗೋ ಅಲ್ಲೇ ನಿಂತಿದ್ದಾಳೆ. ಬಾಮ್ಮ, ಬಾ, ಪಕ್ಕದಲ್ಲಿ ನಿಂತ್ಕೋ, ನೋಡ್ಲಿ ಎಲ್ಲರೂ."

ಗುಂಪು ತಿರುಗಿತು. ಎಲ್ಲರ ಕಣ್ಣೂ ಒಮ್ಮೆ ಗೊಂಬೆಯ ಕಡೆಗೆ, ಒಮ್ಮೆ ನನ್ನ ಮಗಳ ಕಡೆಗೆ ಹೋಗಿ ಬಂತು. ನಾನಾದರೂ ಆಗ ಏನು ಮಾಡಬೇಕಿತ್ತು, ಏನು ಮಾಡಿದೆ ನೋಡಿ. ಅವಳ ಬೆನ್ನ ಮೇಲೆ ಕೈಯಿಟ್ಟು ಮುಂದಕ್ಕೆ ನೂಕಿದೆ. "ಹೋಗು, ನಾಚಿಕೆ ಯಾಕೆ?" ಅಂದೆ. ಕೆಲಸ ಮೆಚ್ಚಿದರಲ್ಲ ಎಂಬ ಹಿಗ್ಗಿನಲ್ಲಿ ನನಗೆ ಕಣ್ಣೇ ಕಾಣುತ್ತಿರಲಿಲ್ಲ.

ಅವಳು ಹೋಗಿ ಗೊಂಬೆಯ ಎದುರು ನಿಂತಳು. ಪಕ್ಕದಲ್ಲಲ್ಲ, ಎದುರು. ಸುತ್ತು ಬಂದು ಬೆನ್ನು ನೋಡಿದಳು. ಹೊಟ್ಟೆಯ ಮೇಲೆ ಕೈಯಿಟ್ಟು ನೋಡಿದಳು.

"ಇದು ನಾನಾ?" ಅಂದಳು.

"ನಿನ್ನ ಅಳತೆ," ಅಂದೆ. "ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲ."

ಅವಳು ಬಗ್ಗಿ ಫ್ರಾಕಿನ ಕೆಳಗಿಂದ ಕೈ ಹಾಕಿದಳು. ನಾನು ಅಂಚಿನ ಪಟ್ಟಿ ನೋಡುತ್ತಿದ್ದಾಳೆ ಅಂದುಕೊಂಡೆ. ಬನಿಯನ್ ಬಟ್ಟೆ ಪರ್ರೆಂದಿತು. ಅವಳು ಹತ್ತಿಯನ್ನು ಹಿಡಿಹಿಡಿಯಾಗಿ ಹೊರಗೆಳೆದು ನೆಲಕ್ಕೆ ಹಾಕತೊಡಗಿದಳು. ಅವಸರವಿಲ್ಲ, ಅಳುವಿಲ್ಲ. ಮೊದಲು ಹೊಟ್ಟೆ ಹೋಯಿತು, ಆಮೇಲೆ ಸೊಂಟ. ಫ್ರಾಕು ಜೋತುಬಿತ್ತು. ಕೈಗೆ ಸಿಗುವಷ್ಟೂ ಮುಗಿದ ಮೇಲೆ ಅವಳು ಅಂಗೈಗೆ ಅಂಟಿದ ಎಳೆಗಳನ್ನು ಅಪ್ಪನ ಅಂಗಿಗೆ ಒರೆಸಿಕೊಂಡು, ಹೆಂಗಸರ ನಡುವೆ ದಾರಿ ಮಾಡಿಕೊಂಡು ಹೊರಗೆ ಹೋದಳು.

ನನಗೆ ಬಂದದ್ದು ಸಿಟ್ಟು. ಸುಳ್ಳು ಯಾಕೆ ಹೇಳಲಿ, ಮರುಕ ಅಲ್ಲ, ಸಿಟ್ಟು. ಹಿಂದೆಯೇ ಓಡಿ ಬೀದಿಯ ತಿರುವಿನಲ್ಲಿ ಅವಳ ತೋಳು ಹಿಡಿದು ನಿಲ್ಲಿಸಿದೆ. ಏನೇನು ಅಂದೆನೋ. ಆ ಮನುಷ್ಯನ ಜೊತೆ ಜಗಳ ಆಡಿದ್ದು ಯಾರಿಗೋಸ್ಕರ, ಆ ದರಿದ್ರ ಯಂತ್ರದ ಮುಂದೆ ಕೂತು ಸೊಂಟ ಮುರಿದುಕೊಂಡದ್ದು ಯಾರಿಗೋಸ್ಕರ, ಎಲ್ಲರ ಮುಂದೆ ನನ್ನ ಮಾನ ಕಳೆದೆಯಲ್ಲ ಎಂದೆ. ಅವಳು ಎಲ್ಲ ಕೇಳಿಸಿಕೊಂಡಳು.

"ಈ ಸಲ ನಂಗೆ ಹೊಲಿದೆ ಅಂದ್ಕೊಂಡಿದ್ದೆ," ಅಂದಳು.

"ನಿನಗೇ ಹೊಲಿದಿದ್ದು."

"ಇಲ್ಲಮ್ಮ. ಗೊಂಬೆಗೇ ಹೊಲಿದೆ. ಗೊಂಬೇನ ನನ್ನ ಥರ ಮಾಡ್ದೆ, ಅಷ್ಟೇ."

ತೋಳು ಬಿಡಿಸಿಕೊಂಡು ಮನೆಯ ಕಡೆ ನಡೆದಳು. ನಾನು ಸ್ವಲ್ಪ ಹೊತ್ತು ಅಲ್ಲೇ ದಾರಿಹೋಕರಿಗೆ ಅಡ್ಡವಾಗಿ ನಿಂತಿದ್ದೆ. ಆಮೇಲೆ ಅಂಗಡಿಗೆ ವಾಪಸು ಹೋದೆ.

ಅಂಗುಲಪ್ಪ ಮಂಡಿಯೂರಿ ಕೂತು ನೆಲದ ಹತ್ತಿಯನ್ನೆಲ್ಲ ಮತ್ತೆ ಗೊಂಬೆಯ ಹೊಟ್ಟೆಗೆ ತುಂಬುತ್ತಿದ್ದ. ಒಂದು ಕಡೆ ಉಬ್ಬಿ, ಇನ್ನೊಂದು ಕಡೆ ತಗ್ಗಿ, ವಿಕಾರವಾಗಿ ಕಾಣುತ್ತಿತ್ತು. ಸಾಲು ಹಾಗೆಯೇ ಇತ್ತು, ಬಟ್ಟೆ ಕತ್ತರಿಸಿಕೊಡಿ ಎಂದು ಹೆಂಗಸರು ಗದ್ದಲ ಮಾಡುತ್ತಿದ್ದರು. ನಾನು ಹೋಗಿ ಗೊಂಬೆಯ ಬೆನ್ನಿನ ಗುಂಡಿಗಳನ್ನು ಬಿಚ್ಚತೊಡಗಿದೆ.

"ಏನಮ್ಮ ಇದು?" ಅಂದ. "ಕಾಲ ಮುಗಿಯೋವರೆಗೆ ಕಿಟಕೀಲಿರ್ಬೇಕು. ನಿಮಗೆ ಗೊತ್ತಿರೋ ವಿಚಾರ."

"ಗೊತ್ತು."

"ಮಾರಾಟ ಹೇಗೆ ಆಗ್ತಿದೆ ನೋಡಿ. ಮುಂದಿನ ಸಲಾನೂ ಇದೇ ಅಳತೆಗೆ ಮಾಡೋಣ ಅಂತಿದ್ದೆ. ಈಗ ಇದನ್ನ ತೆಗೆದ್ರೆ ಮುಂದಿನ ಸಲ ಅಂತ ಇರಲ್ಲ, ಹೇಳಿದ್ದೀನಿ."

"ಬೇಡ ಬಿಡಿ," ಅಂದೆ. ಬಾಯಿಂದ ಅಷ್ಟು ಸಲೀಸಾಗಿ ಬಂದದ್ದು ನೋಡಿ ನನಗೇ ಆಶ್ಚರ್ಯ. ಫ್ರಾಕನ್ನು ತಲೆಯ ಮೇಲ್ಗಡೆಯಿಂದ ಎಳೆದು ತೆಗೆದು ಮಡಚಿಕೊಂಡೆ. ಟೀಚರಮ್ಮ ಏನೋ ಹೇಳಲು ಬಂದವರು ನನ್ನ ಮುಖ ನೋಡಿ ಪಕ್ಕಕ್ಕೆ ಸರಿದರು.

ಮನೆಯಲ್ಲಿ ಅವಳು ನನ್ನ ಹೊಲಿಗೆಯಂತ್ರದ ಪಕ್ಕದ ಸ್ಟೂಲಿನ ಮೇಲೆ ಕೂತಿದ್ದಳು. ನನ್ನ ಕಂಕುಳಲ್ಲಿದ್ದ ಫ್ರಾಕನ್ನು ನೋಡಿದಳು.

"ತಂದ್ಬಿಟ್ಯಾ? ಅವ್ರು ಏನೂ ಅನ್ಲಿಲ್ವಾ?"

"ಅಂದ್ರು. ಇನ್ನು ಬರಬೇಡ ಅಂದ್ರು."

ಅವಳು ಕೈ ಚಾಚಿ ಫ್ರಾಕು ತೆಗೆದುಕೊಂಡು ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಫ್ರಾಕು ತೊಡುತ್ತಾಳೋ, ಕತ್ತರಿಸಿ ಹಾಕುತ್ತಾಳೋ, ನನಗೆ ತಿಳಿಯಲಿಲ್ಲ. ಕತ್ತರಿಸಿದರೂ ಏನೂ ಅನ್ನಬಾರದು ಎಂದು ಹಲ್ಲು ಕಚ್ಚಿಕೊಂಡು ನಿಂತೆ. ಬಾಗಿಲು ತೆರೆದಾಗ ಅವಳು ಫ್ರಾಕು ಹಾಕಿಕೊಂಡಿದ್ದಳು.

ಸೊಂಟ ಸರಿಯಾಗಿತ್ತು. ಬೆನ್ನು ಸರಿಯಾಗಿತ್ತು. ಕೆಳಗಿನ ಅಂಚು ಎರಡೂ ಕಡೆ ಸಮನಾಗಿ ನಿಂತಿತ್ತು. ಆದರೆ ಅವಳು ಸೆಟೆದುಕೊಂಡಿದ್ದಳು, ಎರಡೂ ಕೈಗಳನ್ನು ಪಕ್ಕೆಗೆ ಅಂಟಿಸಿಕೊಂಡು.

"ಕೈ ಎತ್ತು," ಅಂದೆ.

"ಬೇಡ."

"ಎತ್ತೇ, ನೋಡೋಣ."

ಸ್ವಲ್ಪ ಎತ್ತಿದಳು. ಅರ್ಧಕ್ಕೆ ನಿಂತಿತು. ಕಂಕುಳಿನಲ್ಲಿ ಬಟ್ಟೆ ಬಿಗಿದು, ದಾರ ಹಲ್ಲು ಕಿರಿದಂತೆ ಕಾಣಿಸಿತು. ಅವಳು ಕೂಡಲೇ ಕೈ ಇಳಿಸಿದಳು.

"ನನ್ನ ತೋಳೇ ದಪ್ಪ," ಅಂದಳು. "ಇರ್ಲಿ ಬಿಡು, ಕೈ ಕೆಳಗೇ ಇಟ್ಕೋತೀನಿ. ಯಾವ ಬಟ್ಟೆ ಹಾಕಿದ್ರೂ ಹಾಗೇ ಅಲ್ವಾ ಮಾಡೋದು."

ಅದನ್ನೂ ಅಷ್ಟೇ ಸಲೀಸಾಗಿ ಹೇಳಿದಳು. ಮತ್ತೆ ದಪ್ಪ ಆಗಿದ್ದೀಯ ಎಂಬ ಮಾತು ನನ್ನ ನಾಲಗೆಯ ತುದಿಯಲ್ಲೇ ಇತ್ತು, ವರ್ಷಾನುಗಟ್ಟಲೆಯ ಅಭ್ಯಾಸ. ಹತ್ತಿರ ಹೋಗಿ ಕಂಕುಳಿನ ಹೊಲಿಗೆಯ ಮೇಲೆ ಬೆರಳು ಆಡಿಸಿದೆ. ಸುಕ್ಕಿಲ್ಲದೆ ಕೂತಿದ್ದ ತೋಳು. ಗೊಂಬೆಯ ಮೇಲೆ ಕೂರಿಸಿದ್ದು. ಆಗ ನನಗೆ ಹೊಳೆಯಿತು, ಹೊಳೆದು ಮುಖಕ್ಕೆ ಬಿಸಿ ಏರಿತು.

"ನಿನ್ನ ತೋಳಲ್ಲ ಕಣೇ," ಅಂದೆ. "ಗೊಂಬೆಗೆ ತೋಳೇ ಇರ್ಲಿಲ್ಲ."

ಅವಳು ನನ್ನನ್ನೇ ನೋಡಿದಳು. "ಹಾಗಾದ್ರೆ ತಪ್ಪು ಫ್ರಾಕಿಂದಾ?"

"ಫ್ರಾಕಿಂದು. ನಂದು."

ಅವಳು ಒಂದು ಸಲ ಪೂರ್ತಿ ಉಸಿರು ಬಿಟ್ಟಳು. ಆಮೇಲೆ ಎರಡೂ ಕೈಗಳನ್ನು ಮೇಲೆತ್ತಿದಳು. ಅರ್ಧಕ್ಕೆ ನಿಲ್ಲಿಸಲಿಲ್ಲ. ಕಂಕುಳಿನ ಹೊಲಿಗೆ ಮೊದಲು ಎಡಗಡೆ, ಆಮೇಲೆ ಬಲಗಡೆ ಸರ್ರನೆ ಹರಿಯಿತು. ಅಷ್ಟು ದಿನದ ನನ್ನ ಕೆಲಸ ಹರಿದುಹೋಗುತ್ತಿದ್ದರೂ ಅವಳು ಬಿಡಲಿಲ್ಲ, ಬೆರಳುಗಳು ನೆಟ್ಟಗಾಗುವವರೆಗೆ ಎತ್ತಿ, ಹಾಗೆಯೇ ನಿಂತಳು.

"ಎತ್ತು ಅಂದ್ಯಲ್ಲ," ಅಂದಳು.

"ಇಳಿಸಬೇಡ," ಅಂದೆ. "ಹಾಗೇ ನಿಂತಿರು." ಟೇಪು ತರಲು ಯಂತ್ರದ ಕಡೆ ಹೋದೆ.